ವಿಠೋಬರ ಬಗ್ಗೆ ನೀವು ಬರೆಯದೆ ಬಿಟ್ಟದ್ದು

ಕಾರವಾರ
೩೦ ಫೆಬ್ರವರಿ ೨೧೪೯

ಕುಮುದಿನಿ ಅಜ್ಜಿಯವರಿಗೆ ನಿಮ್ಮ ಮರಿಮಗಳ ಮಗಳು ಮಂದಾರೆಯ ನಮಸ್ಕಾರಗಳು.

ತಾರೀಖು ತಪ್ಪಾಗಿಲ್ಲ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ಐದು ದಿನ ವರ್ಷದ ಕೊನೆಗೆ ರಜೆ. ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಿದರೆ ಕ್ಷಮಿಸಿ. ಈ ಕಾಗದ ನಿಮ್ಮ ಕೈಗೆ ತಲುಪುವುದಿಲ್ಲವೆಂದು ಬಲ್ಲೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ನೀವೊಬ್ಬರೇ.

ನನ್ನ ತಮ್ಮ ಅನಂಗ ಕಡಲಗೋಡೆಯ ಎಂಜಿನಿಯರ್. ಕಡಲು ನಿಮ್ಮ ಕಾಲಕ್ಕಿಂತ ಬಹಳ ಮೇಲೆ ಬಂದಿದೆ. ಪೇಟೆ ಈಗ ಗೋಡೆಯ ಹಿಂದಿದೆ, ಉಬ್ಬರದ ಹೊತ್ತಿಗೆ ಕದಗಳನ್ನು ಇಳಿಸುವುದು ಅವನ ಕೆಲಸ. ನಾವೆಲ್ಲ ಮುಂಗೈಗೆ ನಿದ್ದೆಬಳೆ ಹಾಕಿಕೊಳ್ಳುತ್ತೇವೆ. ಅದು ನಮ್ಮ ನಿದ್ದೆ, ನಡಿಗೆ, ದನಿ ಎಲ್ಲವನ್ನೂ ಅಳೆದು ಮನಸ್ಸು ಕುಗ್ಗಿದ್ದರೆ ಕೆಂಪಾಗುತ್ತದೆ, ಚೆನ್ನಾಗಿದ್ದರೆ ಹಸಿರಾಗುತ್ತದೆ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಬಳೆ ನೋಡಿಕೊಳ್ಳುವುದು ಇಲ್ಲಿ ಎಲ್ಲರಿಗೂ ಅಭ್ಯಾಸ.

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅನಂಗ ಮೊದಲ ಸಲ ಹಾಸಿಗೆ ಹಿಡಿದ. ಮೂರು ತಿಂಗಳು ಸ್ನಾನವಿಲ್ಲ, ಮಾತಿಲ್ಲ. ಬಳೆ ಕೆಂಪಾಯಿತು, ಆಸ್ಪತ್ರೆಯವರು ಖಿನ್ನತೆ ಎಂದು ಮಾತ್ರೆ ಕೊಟ್ಟರು, ಎದ್ದು ಕೂತ. ಮೂವತ್ತಕ್ಕೆ ಮತ್ತೆ, ಮೂವತ್ತೇಳಕ್ಕೆ ಮತ್ತೆ. ನಡುನಡುವೆ ಕೆಲವು ವಾರ ಅವನು ಬೇರೆಯೇ ಮನುಷ್ಯ. ಮೂರು ತಾಸು ಮಲಗಿದರೆ ಸಾಕು, ದಣಿವೇ ಇಲ್ಲ. ಎರಡನೆಯ ಕದದ ನಕ್ಷೆಯನ್ನು ಐದೇ ದಿನದಲ್ಲಿ ಹೊಸದಾಗಿ ಬರೆದ. ಊರು ಹಾರ ಹಾಕಿತು, ಬಳೆ ಹಸಿರು ತೋರಿಸಿತು. ನಾನೂ ಹೆಮ್ಮೆಪಟ್ಟೆ. ಅದನ್ನು ಡಾಕ್ಟರಿಗೆ ಹೇಳಬೇಕೆಂದು ಯಾರಿಗೆ ಹೊಳೆಯುತ್ತದೆ? ಖುಷಿಯಾಗಿರುವವನನ್ನು ಆಸ್ಪತ್ರೆಗೆ ಕರೆದೊಯ್ಯುವವರು ಯಾರು?

ಹೋದ ವರ್ಷ ನಾಲ್ಕನೆಯ ಸಲ ಕುಸಿದ. ಖಿನ್ನತೆಯ ಮಾತ್ರೆಯನ್ನು ಹೆಚ್ಚು ಮಾಡಿದರು. ಮೂರು ವಾರಕ್ಕೆ ಎದ್ದ, ಆಮೇಲೆ ನಿಲ್ಲಲೇ ಇಲ್ಲ. ಎಂಟು ದಿನ ಹೆಚ್ಚುಕಡಿಮೆ ನಿದ್ದೆಯೇ ಇಲ್ಲ. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಶುರು. ಎಂಟನೆಯ ದಿನ ಮಧ್ಯಾಹ್ನ ಉಬ್ಬರ ಏರುತ್ತಿದ್ದಾಗ ಗೋಡೆಯ ಏಣಿಯಿಂದ ಕಡಲಿಗೆ ಇಳಿಯತೊಡಗಿದ. ಓಡಿಹೋಗಿ ಕೈ ಹಿಡಿದೆ.

"ಬಿಡೇ ಅಕ್ಕಾ, ಕಡಲಿಗೂ ನನಗೂ ಮಾತಾಗಿದೆ. ಇನ್ನು ಗೋಡೆ ಬೇಡವಂತೆ," ಎಂದ. ಅಷ್ಟು ಸಂತೋಷದ ಮುಖವನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಕೈ ಕೊಡವಿಕೊಂಡ. ಅಜ್ಜಿ, ನನ್ನ ಹಿಡಿತ ಸಾಲಲಿಲ್ಲ. ನೀರಿಗೆ ಬಿದ್ದವನನ್ನು ಮೀನುಗಾರರು ದೋಣಿಗೆ ಎಳೆದುಕೊಳ್ಳುವ ಹೊತ್ತಿಗೆ ಅವನ ಎರಡು ಪಕ್ಕೆಲುಬು ಮುರಿದಿದ್ದವು.

ಆಸ್ಪತ್ರೆಯಲ್ಲಿ ಡಾಕ್ಟರ್ ಸುಹಾಸಿನಿ ಗುನಗಿ ಎಂಬವರು ಅವನ ಬಳೆ ಬಿಚ್ಚಿ ಪಕ್ಕಕ್ಕಿಟ್ಟು, ಹಾಳೆ ತೆಗೆದುಕೊಂಡು ನನ್ನೆದುರು ಕೂತರು. "ದುಃಖದ ದಿನಗಳ ಲೆಕ್ಕ ನನ್ನ ಹತ್ತಿರ ಇದೆ. ಅವನು ತುಂಬಾ ಚೆನ್ನಾಗಿದ್ದ ಅನ್ನುತ್ತೀರಲ್ಲ, ಆ ದಿನಗಳನ್ನ ಹೇಳಿ." ಎರಡು ದಿನ ಹೇಳಿದೆ. ಕೊನೆಗೆ ಅವರು, "ಇದು ಬರೀ ಖಿನ್ನತೆ ಅಲ್ಲಮ್ಮ, ಬೈಪೋಲಾರ್. ಮನಸ್ಸು ಒಮ್ಮೆ ಕುಸಿಯುತ್ತೆ, ಒಮ್ಮೆ ಮಿತಿಮೀರಿ ಏರುತ್ತೆ," ಎಂದರು. ಬರೀ ಖಿನ್ನತೆ ಎಂದುಕೊಂಡು ಕೊಟ್ಟ ಮಾತ್ರೆಯೇ ಕೆಲವೊಮ್ಮೆ ಇಂಥವರನ್ನು ಮೇಲಕ್ಕೆ ತಳ್ಳಿಬಿಡುತ್ತದಂತೆ. ಉನ್ಮಾದ ಒಂದು ವಾರ ಇದ್ದರೆ, ಅಥವಾ ಆಸ್ಪತ್ರೆಗೆ ಸೇರಿಸುವಷ್ಟು ಏರಿದರೆ, ಅದು ಈ ಕಾಯಿಲೆಯ ಮೊದಲನೆಯ ಬಗೆ. ಬದುಕು ಕೆಡಿಸದ ಸಣ್ಣ ಉಬ್ಬರ ನಾಲ್ಕು ದಿನವಾದರೂ ಇದ್ದು, ಜೊತೆಗೆ ಆಳವಾದ ಖಿನ್ನತೆಯೂ ಬಂದಿದ್ದರೆ ಎರಡನೆಯದು. ಏರು, ಕುಸಿತ ಎರಡೂ ಅಷ್ಟು ತೀವ್ರವಾಗದೆ ವರ್ಷಗಟ್ಟಲೆ ಏರಿಳಿಯುತ್ತಲೇ ಇರುವವರೂ ಇದ್ದಾರೆ. ಅನಂಗ ಇಪ್ಪತ್ತು ವರ್ಷ ಎರಡನೆಯವನಾಗಿದ್ದ, ನಮಗೆ ತಿಳಿಯಲಿಲ್ಲ. ಏಣಿ ಇಳಿಯುವ ಹೊತ್ತಿಗೆ ಮೊದಲನೆಯವನಾಗಿದ್ದ.

"ರಕ್ತದಲ್ಲಿ ಗೊತ್ತಾಗುವುದಿಲ್ಲವೇ?" ಎಂದು ಕೇಳಿದೆ.

"ಥೈರಾಯ್ಡ್ ತೊಂದರೆ ಅಲ್ಲ ಅಂತ ರಕ್ತ ಹೇಳುತ್ತೆ. ಇದು ಇದೆ ಅಂತ ಹೇಳಬೇಕಾದವರು ಜೊತೆಗಿದ್ದ ನೀವೇ."

ಇಷ್ಟು ವರ್ಷ ಕಳೆದರೂ ಅಷ್ಟೇ, ಅಜ್ಜಿ. ಕಡಲನ್ನು ತಡೆದಿದ್ದೇವೆ, ಇದಕ್ಕೊಂದು ಪರೀಕ್ಷೆ ಸಿಕ್ಕಿಲ್ಲ.

ಆಮೇಲೆ ಅವರು ಮನೆತನದಲ್ಲಿ ಯಾರಿಗಾದರೂ ಹೀಗಿತ್ತೇ ಎಂದು ಕೇಳಿದರು. ಮನೆಯ ಪೆಟ್ಟಿಗೆಯನ್ನೆಲ್ಲ ಹುಡುಕಿದೆ. ನಿಮ್ಮ ಅಣ್ಣನ ಫೋಟೊ ಸಿಕ್ಕಿತು. ಅದರ ಹಿಂಬದಿಗೆ ನಿಮ್ಮ ಅಕ್ಷರದಲ್ಲಿ ಒಂದೇ ಸಾಲು: "ವಿಠೋಬಣ್ಣ, ಬಹಳ ಉತ್ಸಾಹದ ಮನುಷ್ಯ, ಮೂವತ್ತೆಂಟಕ್ಕೆ ಹೋದ." ಹೇಗೆ ಹೋದರು? ಎಷ್ಟು ದಿನ ನಿದ್ದೆ ಬಿಟ್ಟಿದ್ದರು? ಅದಕ್ಕೂ ಮೊದಲು ಎಷ್ಟು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದರು? ನಾಚಿಕೆಯಿಂದ ಬರೆಯಲಿಲ್ಲವೋ, ದುಃಖದಿಂದಲೋ. ನಿಮ್ಮ ಮೇಲೆ ಸಿಟ್ಟಿಲ್ಲ. ನಾನೂ ಇಪ್ಪತ್ತು ವರ್ಷ ಕಣ್ಣಾರೆ ನೋಡಿ ಸುಮ್ಮನಿದ್ದವಳೇ. ಆದರೆ ನಿಮ್ಮ ಕಾಲದಲ್ಲಿ ಯಾರ ಮನೆಯಲ್ಲಾದರೂ ಇಂಥವರಿದ್ದರೆ, ಅತ್ತ ದಿನಗಳ ಜೊತೆಗೆ ನಕ್ಕ ದಿನಗಳನ್ನೂ ಡಾಕ್ಟರಿಗೆ ಹೇಳಲಿ. ಮುಂದಿನವರಿಗಾಗಿ ಎಲ್ಲಾದರೂ ಬರೆದಿಡಲಿ.

ಅನಂಗ ಈಗ ಮನೆಯಲ್ಲಿದ್ದಾನೆ. ಹೊಸ ಮಾತ್ರೆ ಹಿಡಿದಿದೆ, ಅದರಿಂದ ಕೈ ಸ್ವಲ್ಪ ನಡುಗುತ್ತದೆ, ಗೋಡೆಯ ಕೆಲಸ ಬಿಟ್ಟಿದ್ದಾನೆ. ಅವನ ಮಗಳು ಇಳಾಗೆ ಹತ್ತೊಂಬತ್ತು. ಮೊನ್ನೆ ಅವಳು ಬಂದರಿನಲ್ಲಿ ಕೆಲಸ ಸಿಕ್ಕಿತೆಂದು ಕುಣಿಯುತ್ತ ಬಂದು ಒಂದೇ ಉಸಿರಿಗೆ ಎಲ್ಲ ಹೇಳಿದಳು. ನಾನು, "ನಿನ್ನೆ ಎಷ್ಟು ತಾಸು ಮಲಗಿದ್ದೆ?" ಎಂದು ಕೇಳಿಬಿಟ್ಟೆ.

ಅವಳ ಮುಖ ಬಾಡಿತು. "ಅತ್ತೆ, ನನಗೆ ಸುಮ್ಮನೆ ಖುಷಿಯಾಗಲೂಬಾರದಾ?"

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಂದರಿನ ಸುದ್ದಿಯನ್ನು ಮೊದಲಿನಿಂದ ಹೇಳಿಸಿಕೊಂಡೆ.

ಇಂತಿ,
ಮಂದಾರೆ