ವಾರೆಬಾಯಿಯ ಪಾಪರ್

ನನ್ನ ಒಪ್ಪಿಗೆಗಾಗಿ ಕಾದಿರುವ ಗುಮಾಸ್ತರಿಗೆ,

ನೀವು ಕಳಿಸಿದ ಪಾಪರ್, ಮೀನಿನ ಗಾಳಕ್ಕೆ ಕಟ್ಟುವ ಆ ಕಾರ್ಕಿನ ಹುಸಿಮೀನು, ತಲುಪಿತು. “ನಿಂಗೋಸ್ಕರ ಕೈಯಾರೆ ಮಾಡಿದಾನೆ ಕಣೇ, ಇಂಥ ಗಂಡು ಎಲ್ಲಿ ಸಿಗ್ತಾನೆ?” ಎಂದು ಸೋದರತ್ತೆ ಕಣ್ಣೊರೆಸಿಕೊಂಡರು. ಕಾರ್ಕನ್ನು ಸೀಳಿ ಕೊಕ್ಕೆ ಕೂರಿಸುವುದು ಹೇಗೆ, ನೀರಿನ ಮೇಲೆ ಬುಳಕ್ ಎನ್ನುವಂತೆ ಬಾಯಿ ಕೊರೆಯುವುದು ಹೇಗೆ ಎಂದು ನಿಮ್ಮ ಎರಡು ಪುಟ ಪಾಠ ಬೇರೆ. ಮೊಮ್ಮಗ ಅಜ್ಜಿಗೆ ಕೆಮ್ಮು ಕಲಿಸಿದ ಹಾಗಿತ್ತು.

ಅದರ ಬಾಯಿ ಕೊಂಚ ವಾರೆಯಾಗಿದೆ, ಗಮನಿಸಿದ್ದೀರಾ? ಎಡಗೈಯಲ್ಲಿ ಉಜ್ಜಿ ಉಜ್ಜಿ ಹಾಗಾಗುತ್ತದೆ; ಎಷ್ಟು ತಿದ್ದಿಕೊಂಡರೂ ನನಗೆ ಆ ಚಾಳಿ ಹೋಗಿಲ್ಲ. ಬಾಲದ ಗರಿ ನಿಮ್ಮ ಮನೆಯ ಹುಂಜದ್ದು ಎಂದು ಬರೆದಿದ್ದೀರಿ. ಆ ಹುಂಜ ಈಗ ನನ್ನ ಕಿಟಕಿಯ ಕೆಳಗೆ, ಅರ್ಧ ಬಾಲದಲ್ಲಿ, ಕೂಗುತ್ತಿದೆ.

ಪಾಪರನ್ನು ವಾಪಸ್ ಕಳಿಸುತ್ತಿದ್ದೇನೆ. ಅಂಗಡಿಯವರ ಬೆಲೆಚೀಟಿಯ ಅಂಟು ಅದರ ಹೊಟ್ಟೆಯ ಮೇಲೆ ಹಾಗೇ ಇತ್ತು, ಸೀಮೆಎಣ್ಣೆ ಹಾಕಿ ಒರೆಸಿದ್ದೇನೆ. ಕೈಯಾರೆ ಅಷ್ಟಾದರೂ ನೀವು ಮಾಡಬಹುದಿತ್ತು.

ಒಂದು ಬುದ್ಧಿಮಾತು: ಮುಂದಿನ ಹುಡುಗಿಗೆ ಏನಾದರೂ ಕಳಿಸುವ ಮುಂಚೆ, ಅವಳು ಏನು ಕೆಲಸ ಮಾಡುತ್ತಾಳೆಂದು ಒಂದು ಮಾತು ಕೇಳಿ. ನನ್ನನ್ನು ನೀವು ಕೇಳಲೇ ಇಲ್ಲ.

ಇತಿ,
ಅದನ್ನು ಮಾಡಿದವಳು