ಕಿತ್ತಳೆ ತಲೆಯಲ್ಲೇ ಕೆಲಸಕ್ಕೆ

ಚಿನ್ನು,

ನೀನು ಏಳುವ ಹೊತ್ತಿಗೆ ನಾನು ಕಣ್ಣಾಸ್ಪತ್ರೆಯಲ್ಲಿರುತ್ತೇನೆ. ಎರಡು ದಿನ ರಜೆ ಹಾಕು ಎಂದಿದ್ದೆಯಲ್ಲ, ಹಾಕಿಲ್ಲ.

ಬಚ್ಚಲಿನ ಗೋಡೆ ನೋಡಿ ಕಿರುಚಬೇಡ. ಅದು ಬರೀ ಬಣ್ಣ, ಸಂಜೆ ಬಂದು ಉಜ್ಜುತ್ತೇನೆ. ನಿನ್ನ ಪಾರ್ಲರ್ ಚೀಲದಿಂದ ನೀಲಿ ಛಾಯೆಯ ಕಂದು ಕೂದಲ ಬಣ್ಣದ ಟ್ಯೂಬ್ ತೆಗೆದುಕೊಂಡೆ. ನಿನ್ನೆ ನನ್ನ ತಲೆ ಕಿತ್ತಳೆಯಾದಾಗ, ಅದನ್ನು ಅಡಗಿಸುವುದು ಇದೊಂದೇ ಎಂದವಳು ನೀನೇ. "ನೀನು ಮಾತ್ರ ಮುಟ್ಬೇಡಮ್ಮ, ಭಾನುವಾರ ನಾನೇ ಸರಿ ಮಾಡ್ತೀನಿ" ಎಂದೂ ಹೇಳಿದ್ದೆ. ಐದಕ್ಕೇ ಎದ್ದು ಮುಟ್ಟಿದೆ. ಮುಂದೆ ಚೆನ್ನಾಗಿ ಕೂತಿದೆ. ಹಿಂದೆ ಕೈ ಎಟುಕದೆ ಇನ್ನೂ ಕಿತ್ತಳೆಯೇ ಇದೆ.

"ಮುಂದಿನ ಕೌಂಟರ್‌ಗೆ ಸ್ವಲ್ಪ ಚಿಕ್ಕ ವಯಸ್ಸಿನವರಿದ್ರೆ ಚೆಂದ, ನೀವು ಒಳಗೆ ಫೈಲ್ ನೋಡ್ಕೊಳ್ಳಿ" ಎಂದು ಆಸ್ಪತ್ರೆಯ ಆ ಹೊಸ ಮ್ಯಾನೇಜರ್ ಹೇಳಿದಾಗ ತಲೆಯಾಡಿಸಿ ಬಂದುಬಿಟ್ಟೆ. ಹೆದರಿ, ದಾರಿಯಲ್ಲೇ ಬಣ್ಣದ ಡಬ್ಬಿ ಕೊಂಡು ನರೆಗೆ ಹಚ್ಚಿಕೊಂಡೆ. ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಬರುವವರು ಹತ್ತೊಂಬತ್ತು ವರ್ಷಗಳಿಂದ ನನ್ನ ದನಿ ಹಿಡಿದೇ ಕೌಂಟರಿಗೆ ಬರುತ್ತಾರೆ. ನನ್ನ ತಲೆ ಯಾವ ಬಣ್ಣವೆಂದು ಒಬ್ಬರೂ ಕೇಳಿಲ್ಲ.

ಹಾಲು ಕಾಯಿಸಿದ್ದೇನೆ. ಬರೀ ಹೊಟ್ಟೆಯಲ್ಲಿ ಓಡಬೇಡ. ಟ್ಯೂಬಿನಲ್ಲಿ ಅರ್ಧ ಉಳಿದಿದೆ, ಸಂಜೆ ಹಿಂದಕ್ಕೆ ನೀನೇ ಹಚ್ಚು. ಬೈಯುತ್ತಲೇ ಹಚ್ಚು, ಪರವಾಗಿಲ್ಲ.

ತಲೆಗೆ ಬಟ್ಟೆ ಕಟ್ಟಿಕೊಂಡಿಲ್ಲ. ಕೂದಲು ಮೇಲಕ್ಕೆತ್ತಿ ಗಂಟು ಹಾಕಿದ್ದೇನೆ, ನೋಡುವವರು ನೋಡಲಿ. ಮ್ಯಾನೇಜರ್ ಬರುವ ಮೊದಲೇ ಹೋಗಿ ನನ್ನ ಕುರ್ಚಿಯಲ್ಲಿ ಕೂರುತ್ತೇನೆ. ಎಬ್ಬಿಸಲಿ, ನೋಡೋಣ.

ಅಮ್ಮ