ಇಲ್ಲದ ಹೆಸರಿಗೆ ಬಂದ ಕಾಗದ

ಹೊಸೂರು
೧೪-೬-೧೯೭೮

ಪ್ರೀತಿಯ ಅಂಬುಜಕ್ಕ,

ನಮಸ್ಕಾರ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದ ನನ್ನನ್ನು ಬೈದುಕೋ, ಆದರೆ ಸ್ವಲ್ಪವೇ ಬೈಯಬೇಕು. ಮದುವೆಯಾಗಿ ಮೂರು ತಿಂಗಳು ಕಳೆದದ್ದೇ ತಿಳಿಯಲಿಲ್ಲ! ಅವರು ಸ್ಕೂಟರಿನಲ್ಲಿ ಜವಳಗಿರಿ ಕಾಡಿಗೆ ಕರೆದುಕೊಂಡು ಹೋಗಿದ್ದರು. ಆನೆ ಕಾಣಲಿಲ್ಲ, ಬರೀ ಲದ್ದಿ ನೋಡಿ ನಕ್ಕು ಬಂದೆವು.

ನನ್ನ ಸಂಶೋಧನೆಯ ಕತೆಯನ್ನೆಲ್ಲ ಅವರಿಗೆ ಹೇಳಿದ್ದೇನೆ. ಪಶ್ಚಿಮ ಆಫ್ರಿಕದ ಮುಸ್ಲಿಮರು ಮೆಕ್ಕಾಗೆಂದು ನಡೆದೇ ಹೊರಡುತ್ತಿದ್ದುದು, ಅವರಲ್ಲಿ ಓದಿದವರು ದಾರಿಯ ಊರುಗಳಲ್ಲಿ ಕುರಾನ್ ಕಲಿಸಿ ಹೊಟ್ಟೆ ಹೊರೆದದ್ದು, ಉಳಿದವರು ಸುಡಾನಿನ ಹತ್ತಿ ಹೊಲಗಳಲ್ಲಿ ಕೂಲಿ ಮಾಡಿದ್ದು. ಎಷ್ಟೋ ಜನ ಅಲ್ಲೇ ನೆಲೆ ನಿಂತರು. ಮೊಮ್ಮಕ್ಕಳಾದ ಮೇಲೂ ತಾವಿನ್ನೂ ಮೆಕ್ಕಾದ ದಾರಿಯಲ್ಲಿದ್ದೇವೆ ಎನ್ನುತ್ತಿದ್ದರಂತೆ. ಅತ್ತೆಯವರು ಮಾತ್ರ, "ತಿರುಪತಿಗೆ ನಡ್ಕೊಂಡು ಹೋಗೋರು ನಮ್ಮೂರಲ್ಲೇ ಇದಾರಲ್ಲಮ್ಮ, ಅದಕ್ಕೆ ಮದ್ರಾಸಿಗೆ ಹೋಗಿ ಓದ್ಬೇಕಾ?" ಎಂದರು.

ನೀನು ಕಳಿಸಿದ ಲಕೋಟೆ ಮೊನ್ನೆ ಸಿಕ್ಕಿತು. ಫೆಲೋಶಿಪ್ ಸಿಕ್ಕಿದೆಯೆಂದು ಮದ್ರಾಸಿನ ಪ್ರೊಫೆಸರು ಏಪ್ರಿಲಿನಲ್ಲೇ ಬರೆದಿದ್ದಾರೆ. ಮೇ ಮುಗಿಯುವುದರೊಳಗೆ ನಾನು ಒಪ್ಪಿಗೆ ಕಳಿಸಬೇಕಿತ್ತು. ಅದು ಈ ಮನೆಗೆ ಬಂದು, ಮೇಲೆ ಇಂಗ್ಲಿಷಿನಲ್ಲಿ 'ಈ ಹೆಸರಿನವರು ಇಲ್ಲಿ ಯಾರೂ ಇಲ್ಲ' ಎಂದು ಬರೆಸಿಕೊಂಡು ಪ್ರೊಫೆಸರಿಗೇ ವಾಪಸು ಹೋಗಿದೆ, ಅವರು ಅದನ್ನು ನಿನ್ನ ವಿಳಾಸಕ್ಕೆ ಕಳಿಸಿದ್ದಾರೆ. ಜಾಗ ಬೇರೆಯವರ ಪಾಲಾಯಿತು. ಮೂರು ವರ್ಷದ ಓದು, ಅಕ್ಕ.

ಯಾರು ಬರೆದರು ಎಂದು ಕೇಳಿದ್ದೀಯ. ಧಾರೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ 'ಸೀತಾಲಕ್ಷ್ಮಿ' ಎಂದು ಬರೆದರಲ್ಲ, ಅಂದಿನಿಂದ ಈ ಮನೆಯಲ್ಲಿ ಕನಕವಲ್ಲಿ ಇಲ್ಲ. ಹೊಸ ಹೆಸರನ್ನು ಪ್ರೊಫೆಸರಿಗೆ ತಿಳಿಸಬೇಕೆಂದು ನನಗೇ ಹೊಳೆಯಲಿಲ್ಲ. ಲಕೋಟೆ ತೋರಿಸಿದಾಗ ಮಾವನವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, "ನಾನೇ ಕಣಮ್ಮ ವಾಪಸ್ ಮಾಡ್ದೋನು. ಹೊಸ ಹೆಸ್ರು ಇಟ್ಮೇಲೆ ಹಳೇ ಹೆಸ್ರಿಗೆ ಬಂದಿದ್ದು ಇಸ್ಕೋಬಾರ್ದು ಅನ್ಕೊಂಡೆ. ಮನ್ನಿಸ್ಬುಡು" ಎಂದರು. ನಾನು ಒಳಗೆ ಹೋಗಿ ಹುಳಿಗೆ ಒಗ್ಗರಣೆ ಹಾಕಿದೆ.

ನನ್ನ ಟಿಪ್ಪಣಿಗಳನ್ನೆಲ್ಲ ರಾಯಕೋಟೆ ಬಸ್ಸಿನಲ್ಲಿ ನಿನಗೆ ಕಳಿಸುತ್ತೇನೆ. ನಿನ್ನ ಬೀರುವಿನಲ್ಲಿ ಇಟ್ಟಿರು. ಭಾವನವರಿಗೆ ನಮಸ್ಕಾರ, ಮಕ್ಕಳು ಚೆನ್ನಾಗಿರಲಿ. ನನ್ನ ತಲೆಯ ಮೇಲಿಂದ ನಿನ್ನ ಕೈ ತೆಗೆಯಬೇಡ.

ನಿನ್ನ
ಕನಕ

ತಾ.ಕ.: ಮಾವನವರಿಗೆ ಇಂಗ್ಲಿಷ್ ಬರೆಯಲು ಬರುವುದಿಲ್ಲ. ಆ ಅಕ್ಷರ ನನ್ನ ಗಂಡನದು. ಏಪ್ರಿಲಿನಿಂದ ದಿನವೂ ಸಂಜೆ ಆಫೀಸಿನಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದ: "ಮದ್ರಾಸಿಂದ ಕಾಗದ ಬಂತೇನೇ?"